ಮೀಟರ್, ಮೊಳ ಮತ್ತು ಪೂರ್ತಿ ಅಳತೆಯ ಹೊಣೆ

ಅಳೆದು ಕೊಡುವಾಗ ಕಡಿಮೆ ಮಾಡುವವರಿಗೆ ಪವಿತ್ರ ಕುರ್‌ಆನಿನ ‘ಅಲ್ ಮುತಫ್ಫಿಫೀನ್’ ಅಧ್ಯಾಯವು ಕಠಿಣ ಎಚ್ಚರಿಕೆ ಕೊಡುತ್ತದೆ. ಜುಮಾ ಖುತ್ಬಾದಲ್ಲಿ ಈ ಮಾತು ಬಂದಾಗ ನಮಗೆ ತಕ್ಕಡಿ ಮಾತ್ರ ನೆನಪಾಗುತ್ತದೆ. ಉದ್ದದ ಅಳತೆಗೂ ಅದೇ ಹೊಣೆಯಿದೆ. ಆಳಂದ, ಅಫಜಲಪುರ, ಜೇವರ್ಗಿಯ ಕಡೆ ಹೂವು, ಹಗ್ಗ, ಬಟ್ಟೆಯ ಮಾತು ಬಂದರೆ ನಮ್ಮ ಹಿರಿಯರು ಹೇಳುವುದು ಗೇಣು, ಮೊಳ, ಮಾರು. ಅಂಗಡಿಯಲ್ಲಿ ಇರುವುದು ಮೀಟರ್. ಇವುಗಳ ನಡುವಿನ ಲೆಕ್ಕ ನಾವೆಲ್ಲ ತಿಳಿದಿರಬೇಕು.

ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಅದರಲ್ಲಿ 2 ಗೇಣು, ಅಂದರೆ 24 ಬೆರಳಿನ ಅಗಲ. ಎರಡೂ ಕೈ ಚಾಚಿದರೆ ಒಂದು ಮಾರು, ಅದು 4 ಮೊಳ. ಮೊಳವನ್ನು ಒಂದೂವರೆ ಅಡಿ ಎಂದು ಹಿಡಿದರೆ 45.72 ಸೆಂ.ಮೀ. ಆಗುತ್ತದೆ. ಆಗ ಗೇಣು ಸುಮಾರು 23 ಸೆಂ.ಮೀ., ಬೆರಳು 1.9 ಸೆಂ.ಮೀ., ಮಾರು 183 ಸೆಂ.ಮೀ. ಟೇಪಿನ ಇಂಚು 2.54 ಸೆಂ.ಮೀ.; ಅದನ್ನು ಬೆರಳಿನ ಅಳತೆ ಎಂದು ತಿಳಿಯಬಾರದು.

ಒಂದು ಮೀಟರ್ ಎಂದರೆ 2 ಮೊಳ, ನಾಲ್ಕೂವರೆ ಬೆರಳು. 5 ಮೀಟರ್ ಎಂದರೆ 11 ಮೊಳಕ್ಕೆ ಒಂದೂವರೆ ಬೆರಳು ಕಡಿಮೆ. ಬೇರೆ ಯಾವುದೇ ಉದ್ದಕ್ಕೆ ಸೆಂಟಿಮೀಟರನ್ನು 46ರಿಂದ ಭಾಗಿಸಿದರೆ ಮೊಳದ ಅಂದಾಜು ಸಿಗುತ್ತದೆ.

ಆದರೆ ಎಲ್ಲರ ಕೈ ಒಂದೇ ಉದ್ದ ಇರುವುದಿಲ್ಲ. ಕಫನಿನ ಹೊರಹೊದಿಕೆಯಾದ ಲಿಫಾಫಾವನ್ನೇ ನೋಡೋಣ. ಮಯ್ಯತ್‌ನ ಎತ್ತರ 170 ಸೆಂ.ಮೀ. ಇದೆ; ಗಂಟು ಕಟ್ಟಲು ತಲೆಯ ಕಡೆ, ಕಾಲಿನ ಕಡೆ ಒಂದೊಂದು ಗೇಣು ಬಿಟ್ಟರೆ 216 ಸೆಂ.ಮೀ. ಬಟ್ಟೆ ಬೇಕು. ‘5 ಮೊಳ ಸಾಕು’ ಎಂದು ಹೇಳಿ ಕಳಿಸುತ್ತೇವೆ. 45.72ರ ಲೆಕ್ಕದಲ್ಲಿ ಅದು 228 ಸೆಂ.ಮೀ. ದಾಟುತ್ತದೆ, ಸಾಕಾಗುತ್ತದೆ. ಅಳೆಯುವವರ ಮೊಳ 42 ಸೆಂ.ಮೀ. ಇದ್ದರೆ ಬರುವುದು 210 ಮಾತ್ರ. ದುಃಖದ ಮನೆಯಲ್ಲಿ ಕಫನಿಗೆ 6 ಸೆಂ.ಮೀ. ಬಟ್ಟೆ ಸಾಲದೆ ಹೋಗುತ್ತದೆ. ಇದರಲ್ಲಿ ಯಾರ ಮೋಸವೂ ಇಲ್ಲ, ಆದರೂ ಬಟ್ಟೆ ಕಡಿಮೆಯೇ. ಆದ್ದರಿಂದ ಮೊದಲು ಮಯ್ಯತ್‌ನ ಎತ್ತರ ಅಳೆದು, ಬಟ್ಟೆಯನ್ನು ಮೀಟರಿನಲ್ಲಿಯೇ ಹೇಳಿ ತರಿಸುವುದು ಒಳ್ಳೆಯದು.

ಖಬರಿನ ವಿಷಯ ಬೇರೆ. ಅಲ್ಲಿ ದೇಹವೇ ಅಳತೆ. ಹನಫಿ ಫಿಕ್‌ಹ್ ಪ್ರಕಾರ ಉದ್ದ ಮಯ್ಯತ್‌ನ ಎತ್ತರದಷ್ಟು, ಅಗಲ ಅದರ ಅರ್ಧ. ಆಳ ಕನಿಷ್ಠ ಅರ್ಧ ಆಳಿನಷ್ಟು. ಎದೆಮಟ್ಟ ಉತ್ತಮ, ಪೂರ್ತಿ ಆಳುದ್ದ ಇನ್ನೂ ಉತ್ತಮ. ಮೇಲಿನ ಮಣ್ಣು ಒಂದು ಗೇಣು ಎತ್ತರ. ಇಲ್ಲಿ ಒಂದೆರಡು ಬೆರಳು ಹೆಚ್ಚು ಕಡಿಮೆಯಾದರೆ ಯಾರ ಹಕ್ಕೂ ಹೋಗುವುದಿಲ್ಲ.

ವ್ಯಾಪಾರದಲ್ಲಿ ಹೋಗುತ್ತದೆ. 10 ಮೊಳ ಹಗ್ಗದಲ್ಲಿ 42ರ ಕೈಗೂ 48ರ ಕೈಗೂ 60 ಸೆಂ.ಮೀ. ವ್ಯತ್ಯಾಸ. ನಮ್ಮ ದೇಶದಲ್ಲಿ ಮೀಟರ್ ಪದ್ಧತಿಗೆ 1956ರಲ್ಲೇ ಕಾಯ್ದೆ ಬಂದಿದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಲ್ಲೂ ಉದ್ದದ ಮೂಲಮಾನ ಮೀಟರೇ. ಮಾತಿನಲ್ಲಿ ಮೊಳ ಇರಲಿ, ಕತ್ತರಿ ಹಾಕುವ ಮುಂಚೆ ಟೇಪು ಇರಲಿ. ಪೂರ್ತಿ ಅಳೆದು ಕೊಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ನೀಡಲಿ, ಆಮೀನ್.