ಹುಳು ಪೊರೆ ಕಳಚುವ ಬಗೆ

ನಮ್ಮ ತಾಂಡೂರಿನ ತೊಗರಿಯನ್ನು ಕೆಡಿಸುವ ಕಾಯಿಕೊರಕ ಹುಳುವೂ ರಾಮನಗರದ ಮಾರುಕಟ್ಟೆಗೆ ಗೂಡನ್ನೊದಗಿಸುವ ರೇಷ್ಮೆಹುಳುವೂ ಬೆಳೆಯಬೇಕಾದರೆ ಹಳೆಯ ಪೊರೆಯನ್ನು ಕಳಚಲೇಬೇಕು. ರೇಷ್ಮೆಹುಳುವು ಗೂಡು ಕಟ್ಟುವ ಮುನ್ನ ನಾಲ್ಕು ಸಲ ಪೊರೆ ಬಿಡುತ್ತದೆ. ಸಾಕುವವರು ಇದನ್ನು ‘ಜ್ವರ’ವೆನ್ನುತ್ತಾರೆ.

ಇದಕ್ಕೆ ಅಪ್ಪಣೆ ಕೊಡುವುದು ಎಕ್ಡೈಸೋನ್ ಎಂಬ ಸ್ಟೆರಾಯ್ಡ್ ಹಾರ್ಮೋನು. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್ಸನ್ ಎಂಬ ವಿಜ್ಞಾನಿಗಳು ಗೂಡಿನೊಳಗಣ 500 ಕಿಲೋಗ್ರಾಂ ರೇಷ್ಮೆಹುಳುಗಳಿಂದ ಕೇವಲ 25 ಮಿಲಿಗ್ರಾಂ ಎಕ್ಡೈಸೋನನ್ನು ಬೇರ್ಪಡಿಸಿದರು. ಹುಳುವಿನ ದೇಹದಲ್ಲಿ ಇದು ತುಸು ಮಾರ್ಪಟ್ಟು, ಜೀವಕೋಶವನ್ನು ಹೊಕ್ಕು, ಅಲ್ಲಿರುವ ‘ಗ್ರಾಹಕ’ವೆಂಬ ಪ್ರೋಟೀನಿನ ಪೊಟರೆಯಲ್ಲಿ, ಕೀಲಿಯೊಳಗೆ ಕೀಲಿಕೈ ಕೂಡುವಂತೆ, ಕೂಡಿಕೊಳ್ಳುತ್ತದೆ. ಆ ಗ್ರಾಹಕವು ಮತ್ತೊಂದು ಪ್ರೋಟೀನಿನೊಡನೆ ಜೋಡಿಯಾಗಿ ಕೋಶಕೇಂದ್ರದ ಡಿ.ಎನ್.ಎ.ಯನ್ನು ಹಿಡಿದು, ಪೊರೆ ಬಿಡಲು ಬೇಕಾದ ಜೀನುಗಳನ್ನು ಎಚ್ಚರಿಸುತ್ತದೆ.

ಟೆಬುಫೆನೊಜೈಡ್ ಎಂಬ ಕೀಟನಾಶಕವು ಇದೇ ಕೀಲಿಗೆ ಕೂಡುವ ಕಳ್ಳ ಕೀಲಿಕೈ. ಅದನ್ನು ತಿಂದ ಹುಳು ಅಕಾಲದಲ್ಲಿ ಪೊರೆ ಬಿಡಲು ತೊಡಗಿ, ಮೇವನ್ನು ತೊರೆದು ಸಾಯುತ್ತದೆ. ಮನುಷ್ಯರಾದ ನಮ್ಮ ಜೀವಕೋಶಗಳಲ್ಲಿ ಈ ಗ್ರಾಹಕವಿಲ್ಲ. ಆದರೂ ವಿಷವನ್ನು ವಿಷದಂತೆಯೇ ಕಾಣಬೇಕು. ರೇಷ್ಮೆಹುಳುವಿನಲ್ಲಂತೂ ಇದು ಇದ್ದೇ ಇದೆ. ಆದುದರಿಂದ ಹಿಪ್ಪುನೇರಳೆಯ ತೋಟದ ಸಮೀಪ ಇಂಥ ಔಷಧವನ್ನು ಸಿಂಪಡಿಸಬಾರದೆಂಬುದನ್ನು ನಾವೆಲ್ಲರೂ ನೆನಪಿಡೋಣ. ಕೀಲಿ ಒಂದೇ ಆಗಿರುವಾಗ ಕೀಲಿಕೈಯು ಶತ್ರುಮಿತ್ರರನ್ನರಿಯದು.