ಉದುರುವ ಎಲೆಗೇಕೆ ಕೆಂಪು ಬಣ್ಣ?

ಜಪಾನಿನ ಕ್ಯೋಟೋದಲ್ಲಿ ತೋಫುಕುಜಿ ಎಂಬ ಬೌದ್ಧ ದೇಗುಲವಿದೆ. ಆರು ಶತಮಾನಗಳ ಹಿಂದೆ ಅಲ್ಲಿದ್ದ ಚಿತ್ರಕಾರ ಸನ್ಯಾಸಿ ಮಿಂಚೋನ ಕೈಚಳಕಕ್ಕೆ ಮೆಚ್ಚಿದ ಶೋಗನ್ (ಸೇನಾಡಳಿತಗಾರ) ಅಶಿಕಾಗಾ ಯೊಶಿಮೊಚಿ, ಏನು ಬೇಕೋ ಕೇಳು ಅಂದನಂತೆ. ಆವರಣದ ಚೆರಿ ಮರಗಳನ್ನು ಕಡಿಸಿಬಿಡಿ, ಇಲ್ಲದಿದ್ದರೆ ಇದು ಮೋಜಿನ ತಾಣವಾದೀತು ಅಂತ ಮಿಂಚೋ ಬೇಡಿದನೆಂದು ಐತಿಹ್ಯ. ಚೆರಿ ಹೋಯಿತು. ಈಗ ಅಲ್ಲಿ ಸುಮಾರು 2,000 ಮೇಪಲ್ ಮರಗಳಿವೆ. ನವೆಂಬರ್ ಬಂತೆಂದರೆ ಕಣಿವೆಯ ಮೇಲಿನ ತ್ಸೂತೆನ್‌ಕ್ಯೋ ಸೇತುವೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನೂಕುನುಗ್ಗಲಿಗೆ ಹೆದರಿ ಆ ದಿನಗಳಲ್ಲಿ ಅಲ್ಲಿ ಫೋಟೋ ತೆಗೆಯುವುದನ್ನೇ ನಿಷೇಧಿಸಿದ್ದಾರೆ. ಮಿಂಚೋ ತಡೆದದ್ದು ವಸಂತದ ಮೋಜನ್ನು ಮಾತ್ರ.

ಅದೇ ಊರಿನ ನಿಶಿ ಹೊಂಗಾನ್‌ಜಿ ದೇಗುಲದ ಅಂಗಳದಲ್ಲೊಂದು ಹಳೆಯ ಗಿಂಕೋ ಮರವಿದೆ. ಅದು ಅಪ್ಪಟ ಹಳದಿಗೆ ತಿರುಗುತ್ತದೆ. ಹಳದಿಯ ಗುಟ್ಟು ಸರಳ: ಕ್ಯಾರೊಟಿನಾಯ್ಡ್ ಎಂಬ ವರ್ಣಕಗಳು ಬೇಸಿಗೆಯಿಡೀ ಎಲೆಯಲ್ಲೇ ಇರುತ್ತವೆ, ಪತ್ರಹರಿತ್ತಿನ ಹಸಿರು ಅವನ್ನು ಮರೆಮಾಡಿರುತ್ತದೆ. ಚಳಿ ಹತ್ತಿರವಾದಂತೆ ಪತ್ರಹರಿತ್ತು ಕರಗುತ್ತದೆ, ಹಳದಿ ಹೊರಬೀಳುತ್ತದೆ.

ಮೇಪಲ್‌ನ ಕೆಂಪು ಹಾಗಲ್ಲ. ಆಂಥೊಸಯನಿನ್ ಎಂಬ ಆ ವರ್ಣಕವನ್ನು ಮರ ಆಗಷ್ಟೇ, ಸಕ್ಕರೆ ಖರ್ಚು ಮಾಡಿ ತಯಾರಿಸುತ್ತದೆ. ಇನ್ನು ಕೆಲವೇ ವಾರಗಳಲ್ಲಿ ಉದುರಲಿರುವ ಎಲೆಗೆ! ಬಾಡಿಗೆ ಮನೆ ಖಾಲಿ ಮಾಡುವವರು ಹೊರಡುವ ಮುನ್ನ ಗೋಡೆಗೆ ಬಣ್ಣ ಹೊಡೆಸಿದ ಹಾಗೆ. ಯಾಕೆ?

ಎಲೆಯಲ್ಲಿ ಸಾರಜನಕ ತುಂಬಿದ ಪ್ರೋಟೀನುಗಳಿವೆ. ಉದುರುವ ಮುನ್ನ ಅವನ್ನು ಒಡೆದು, ಸಾರಜನಕವನ್ನು ಕೊಂಬೆಗೆ ವಾಪಸು ಸಾಗಿಸಿಕೊಳ್ಳುವುದು ಮರದ ಜಾಣತನ. ಆದರೆ ಈ ಪ್ರೋಟೀನುಗಳಲ್ಲಿ ಬಹಳಷ್ಟು ಪತ್ರಹರಿತ್ತನ್ನು ಹಿಡಿದುಕೊಂಡಿರುತ್ತವೆ. ಅವನ್ನು ಕಳಚುವ ಹೊತ್ತಿನಲ್ಲಿ ಬಿಸಿಲು ಜೋರಾಗಿ ಬಿದ್ದರೆ, ಹೀರಿಕೊಂಡ ಬೆಳಕನ್ನು ಬಳಸುವ ಕಿಣ್ವಗಳು ಚಳಿಗೆ ಮಂದವಾಗಿರುವುದರಿಂದ, ಮಿಕ್ಕ ಶಕ್ತಿ ಆಮ್ಲಜನಕವನ್ನು ಕೆರಳಿಸಿ ಜೀವಕೋಶಗಳನ್ನು ಸುಡುತ್ತದೆ. ಕೆಂಪು ವರ್ಣಕ ಆ ಬಿಸಿಲಿಗೆ ಪರದೆ. ಬಿಸಿಲು ಬೀಳುವ ಎಲೆ ಹೆಚ್ಚು ಕೆಂಪಾಗುವುದು, ಮತ್ತೊಂದು ಎಲೆಯ ನೆರಳು ಬಿದ್ದ ಜಾಗ ಪೇಲವವಾಗಿ ಉಳಿಯುವುದು ಇದಕ್ಕೇ. 2003ರಲ್ಲಿ ಅಮೆರಿಕದ ಸಂಶೋಧಕರು ಆಂಥೊಸಯನಿನ್ ತಯಾರಿಸಲಾಗದ ಗಿಡಗಳನ್ನು ಪರೀಕ್ಷಿಸಿದರು. ತೀಕ್ಷ್ಣ ಬೆಳಕಿನಲ್ಲಿ ಅವು ಎಲೆಯಿಂದ ಹಿಂಪಡೆದ ಸಾರಜನಕ ಕಡಿಮೆಯಿತ್ತು.

ಇನ್ನೊಂದು ವಾದವೂ ಇದೆ. ಜೀವವಿಕಾಸ ವಿಜ್ಞಾನಿ ಡಬ್ಲ್ಯೂ. ಡಿ. ಹ್ಯಾಮಿಲ್ಟನ್ ಮತ್ತು ಸ್ಯಾಮ್ ಬ್ರೌನ್ ಅವರ ಪ್ರಕಾರ (ಪ್ರಬಂಧ ಪ್ರಕಟವಾದದ್ದು 2001ರಲ್ಲಿ, ಹ್ಯಾಮಿಲ್ಟನ್ ತೀರಿಕೊಂಡ ಮೇಲೆ) ಗಾಢ ಬಣ್ಣವೆಂದರೆ ಮೊಟ್ಟೆಯಿಡಲು ಬರುವ ಗಿಡಹೇನುಗಳಿಗೆ ‘ನಾನು ಗಟ್ಟಿಯಾಗಿದ್ದೇನೆ, ಹತ್ತಿರ ಬರಬೇಡ’ ಎಂಬ ಸೂಚನೆ. ಸೊಗಸಾದ ಊಹೆಯೇನೋ ಹೌದು. ಆದರೂ ನನಗೆ ಪರದೆಯ ವಾದವೇ ಹೆಚ್ಚು ಒಪ್ಪುತ್ತದೆ. ನಮ್ಮ ಮಾವಿನ ಎಳೆ ಚಿಗುರನ್ನು ಕೆಂಪಗಾಗಿಸುವುದೂ ಆಂಥೊಸಯನಿನ್ನೇ. ಅಲ್ಲಿಯೂ ಬಿಸಿಲು ತಾಳಲಾರದ ಎಲೆಗೆ ಅದು ರಕ್ಷಣೆ ಎನ್ನುವವರಿದ್ದಾರೆ. ಮುದಿ ಎಲೆಯೇ ಕೆಂಪಾಗುವುದನ್ನು ನೋಡಬೇಕೆಂದರೂ ಕ್ಯೋಟೋಗೆ ಹೋಗಬೇಕಿಲ್ಲ, ಶಾಲೆಯಂಗಳದ ಕಾಡುಬಾದಾಮಿ ಸಾಕು.

ಬಣ್ಣ ಚೆನ್ನಾಗಿ ಕೂರಲು ಹಗಲು ಬಿಸಿಲು, ರಾತ್ರಿ ಚಳಿ ಎರಡೂ ಬೇಕು. ಬಿಸಿಲಿದ್ದರೆ ಸಕ್ಕರೆ ತಯಾರಾಗುತ್ತದೆ; ಚಳಿಯಿದ್ದರೆ ಉಸಿರಾಟದಲ್ಲಿ ಅದು ಕಡಿಮೆ ಖರ್ಚಾಗುತ್ತದೆ. ರಾತ್ರಿಯ ಉಷ್ಣತೆ 8 ಡಿಗ್ರಿಗಿಂತ ಕೆಳಗಿಳಿದರೆ ಮೇಪಲ್ ಬಣ್ಣಕ್ಕೆ ತಿರುಗುತ್ತದೆ ಎಂಬುದು ಜಪಾನಿನಲ್ಲಿ ವಾಡಿಕೆಯ ಲೆಕ್ಕ. ಮೂರು ಕಡೆ ಬೆಟ್ಟ ಸುತ್ತಿದ ಕ್ಯೋಟೋದ ತಗ್ಗಿನಲ್ಲಿ ರಾತ್ರಿಯ ತಂಪು ಗಾಳಿ ಮಡುಗಟ್ಟಿ ನಿಲ್ಲುತ್ತದೆ.

ಜಪಾನಿನ ಹವಾಮಾನ ಇಲಾಖೆ 1953ರಿಂದ ಮೇಪಲ್ ಕೆಂಪಾಗುವ ದಿನವನ್ನು ದೇಶದ ನಾನಾ ಕಡೆ ಗುರುತಿಸುತ್ತ ಬಂದಿದೆ. ಸರಾಸರಿ ಪ್ರತಿ ದಶಕಕ್ಕೆ ಹೆಚ್ಚುಕಡಿಮೆ 3 ದಿನದಂತೆ ಅದು ಮುಂದಕ್ಕೆ ಹೋಗುತ್ತಿದೆ. ನವೆಂಬರ್ 23 ಅಲ್ಲಿ ರಾಷ್ಟ್ರೀಯ ರಜೆ, ದುಡಿಮೆಗೆ ಕೃತಜ್ಞತೆ ಸಲ್ಲಿಸುವ ದಿನ. ದೇಗುಲಗಳಲ್ಲಿ ಅತಿ ಹೆಚ್ಚು ಜನಸಂದಣಿಯೂ ಆ ಸುತ್ತಿನಲ್ಲೇ. ಚಳಿ ತಡವಾದ ವರ್ಷ ಅಂದು ಹೋದವರಿಗೆ ಅರ್ಧ ಹಸಿರೇ ಸಿಕ್ಕೀತು. ಅಂಥ ವರ್ಷ ಒಂದು ವಾರ ಬಿಟ್ಟು, ಡಿಸೆಂಬರ್ ಮೊದಲಲ್ಲಿ ಹೋಗುವುದು ಲೇಸು.