ನೋಡಿಕೊಳ್ಳುವವರ ಕಷ್ಟವೂ ಪತ್ರಿಕೆಗೆ ಬರಲಿ



ಲಕ್ವ ಹೊಡೆದು ಮಲಗಿದವರಿಗೆ ಬೆನ್ನುಹುಣ್ಣು ಆಗದಿರಲು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ವಾರ್ಡಿನಲ್ಲಿ ಹೇಳಿಕೊಡುತ್ತೇವೆ. ಅಂದರೆ ದಿನಕ್ಕೆ 12 ಸಲ. ಆಸ್ಪತ್ರೆಯಲ್ಲಿ ಈ ಕೆಲಸಕ್ಕೆ ಪಾಳಿಯ ಮೇಲೆ ನರ್ಸ್‌ಗಳಿದ್ದಾರೆ. ಮನೆಯಲ್ಲಿ ಹೆಂಡತಿಯೋ ಸೊಸೆಯೋ ಒಬ್ಬಳೇ. ಅವಳಿಗೆ ನಿದ್ದೆಯಿಲ್ಲ, ಸೊಂಟ ನೋವು, ಕೂಲಿಗೆ ಹೋಗುವಂತಿಲ್ಲ. ಬಂದವರೆಲ್ಲ ರೋಗಿಯನ್ನು ವಿಚಾರಿಸುತ್ತಾರೆ. “ನೀನು ಊಟ ಮಾಡಿದೆಯಾ?” ಎಂದು ಅವಳನ್ನು ಕೇಳುವವರು ಕಡಿಮೆ.

ಈ ಸೇವೆ ದೊಡ್ಡ ಕಾಯಕ. ಆದರೆ ಸೇವೆ ಮಾಡುವವರೇ ಹಾಸಿಗೆ ಹಿಡಿದರೆ ಮನೆಯಲ್ಲಿ ರೋಗಿಗಳು ಇಬ್ಬರಾಗುತ್ತಾರೆ. ಆದ್ದರಿಂದ ಇದು ಮುಚ್ಚಿಡುವ ವಿಷಯವಲ್ಲ, ಊರಿಗೆ ತಿಳಿಯಬೇಕಾದ ವಿಷಯ. ಕಡೂರು, ತರೀಕೆರೆ, ಅಜ್ಜಂಪುರದ ಸುದ್ದಿ ಬರೆಯುವ ಪತ್ರಿಕೆ ವರದಿಗಾರರಿಗೆ ಹೇಳಬಹುದು. ಪತ್ರಿಕೆಯ ಓದುಗರ ಅಂಕಣಕ್ಕೆ, ಭದ್ರಾವತಿ ಆಕಾಶವಾಣಿಗೆ ಪತ್ರ ಬರೆಯಬಹುದು.

ಹೇಳುವಾಗ ಗಮನಿಸಿ:

1. ಒಬ್ಬರೇ ಹೋಗಬೇಡಿ. ಇದೇ ಕಷ್ಟವಿರುವ ನಾಲ್ಕೈದು ಮನೆಯವರು ಸೇರಿ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ಕರೆಯಿರಿ.

2. ಲೆಕ್ಕ ಕೊಡಿ. ರಾತ್ರಿ ಎಷ್ಟು ಸಲ ಎದ್ದಿರಿ, ತಿಂಗಳಿಗೆ ಎಷ್ಟು ದಿನದ ಕೂಲಿ ಹೋಯಿತು, ಆಟೋಗೆ ಎಷ್ಟಾಯಿತು ಎಂದು ಬರೆದುಕೊಂಡು ಹೋಗಿ. ಕಣ್ಣೀರಿಗೆ ಕನಿಕರ ಸಿಗುತ್ತದೆ, ಲೆಕ್ಕಕ್ಕೆ ಉತ್ತರ ಸಿಗುತ್ತದೆ.

3. ಒಂದೇ ಬೇಡಿಕೆ ಇಡಿ. ಉದಾಹರಣೆಗೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಮಿನ ಪ್ರಕಾರ ಸರ್ಕಾರದ ಯೋಜನೆಗಳಲ್ಲಿ, ಹೆಚ್ಚಿನ ಆಸರೆ ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆಯೂ ಸೇರಿರಬೇಕು. “ನಮ್ಮ ತಾಲ್ಲೂಕಿನಲ್ಲಿ ಇದು ಎಷ್ಟು ಜನರಿಗೆ ಸಿಕ್ಕಿದೆ?” ಎಂದು ವರದಿಗಾರರು ಅಧಿಕಾರಿಗಳನ್ನು ಕೇಳಲಿ.

4. ರೋಗಿಯ ಮಾನ ಕಾಪಾಡಿ. ಅವರನ್ನು ಕೇಳದೆ ಹೆಸರು, ಕಾಯಿಲೆ, ಫೋಟೋ ಕೊಡಬೇಡಿ. ಹಾಸಿಗೆಯ ಫೋಟೋ ಬೇಡ, ನೋಡಿಕೊಳ್ಳುವವರ ಕೈಗಳ ಫೋಟೋ ಸಾಕು. ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಫೋಟೋ, ವಿವರಗಳನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ.

5. ಸುದ್ದಿ ಬಂದ ಮೇಲೆ ಆ ಪುಟ ಕತ್ತರಿಸಿ ಇಟ್ಟುಕೊಳ್ಳಿ. ಗ್ರಾಮಸಭೆಯಲ್ಲಿ ಅರ್ಜಿಯ ಜೊತೆ ಲಗತ್ತಿಸಿ ಕೊಡಿ.

ಸುದ್ದಿ ಬಂದ ಮಾತ್ರಕ್ಕೆ ನಾಳೆಯೇ ಹಣ ಬರುವುದಿಲ್ಲ. ಆದರೆ ಓದಿದ ಪಕ್ಕದ ಮನೆಯವರು ಬಂದು, “ಅಕ್ಕಾ, ಎರಡು ಗಂಟೆ ನಾನು ಕೂತಿರುತ್ತೇನೆ, ನೀವು ಮಲಗಿ” ಎಂದರೆ ಅದೂ ಒಂದು ದಾಸೋಹವೇ.

ಮನಸ್ಸು ತೀರಾ ಸೋತಾಗ 14416ಕ್ಕೆ (ಟೆಲಿ ಮಾನಸ್) ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಇರುತ್ತದೆ. ಪತ್ರ ಬರೆಯಲು ಸಹಾಯ ಬೇಕಿದ್ದರೆ ಡಿಸ್ಚಾರ್ಜ್‌ಗೆ ಮುಂಚೆ ವಾರ್ಡಿನ ಸಿಸ್ಟರ್‌ಗೆ ತಿಳಿಸಿ.